ಕನ್ನಡಿಯವಳ ಎಡಗಡೆ

ಕರಕರ ಎಂದು ಮೇಜಿನುದ್ದಕ್ಕೂ ಓಡಿದ ಕತ್ತರಿ, ಬಟ್ಟೆಯ ಅಂಚಿಗೆ ಬಂದು ಟಕ್ಕನೆ ನಿಂತಿತು. ಟೈಲರಮ್ಮ ತಲೆಗೆ ಕಟ್ಟಿದ ವಸ್ತ್ರವನ್ನು ಬಿಗಿ ಮಾಡಿಕೊಂಡು, ಎದುರು ನಿಂತ ಗಿರಾಕಿಗೆ, "ಎಡಗೈ ಎತ್ತಮ್ಮ" ಎಂದಳು. ಆ ಎಡಗೈ ಟೈಲರಮ್ಮನ ಬಲಗಡೆ ಮೇಲೆದ್ದಿತು. ಅವಳ ತುಟಿಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು.

ಕೆಲಸ ಕಲಿತಾಗಿನಿಂದ ಎದುರಿದ್ದವರ ಎಡವೇ ಅವಳಿಗೆ ಎಡ. ಆಸ್ಪತ್ರೆಯ ಮುಲಾಮನ್ನೂ ಹಾಗೆಯೇ ಹಚ್ಚಿಕೊಂಡಿದ್ದಳಲ್ಲ, ಕನ್ನಡಿಯಲ್ಲಿದ್ದ ಹೆಂಗಸೂ ಒಬ್ಬ ಗಿರಾಕಿ ಎಂಬಂತೆ. ಕನ್ನಡಿಯವಳ ಎಡ ಎಂದರೆ ಟೈಲರಮ್ಮನ ಬಲ.

ಕೂದಲಿನ ಬೇರನ್ನೇ ಸುಟ್ಟು, ನೆತ್ತಿ ಕಲೆಗಟ್ಟಿ ನುಣ್ಣಗಾಗುವ ರೋಗ ಅವಳದು. ಹೋದದ್ದು ಬರುವುದಿಲ್ಲ, ಇರುವುದಾದರೂ ಉಳಿಯಲೆಂದು ಹೊಸ ಮುಲಾಮಿನ ಪರೀಕ್ಷೆಗೆ ಸೇರಿದ್ದಳು. ನೀಲಿ ಮುಚ್ಚಳದ ಟ್ಯೂಬು ಎಡಕ್ಕೆ, ಬಿಳಿಯದು ಬಲಕ್ಕೆ. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬರೀ ಜಿಡ್ಡು. ಯಾವುದು ಯಾವುದೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ಈಗ ಬಲಗಡೆ ಉರಿ ಆರಿತ್ತು. ಎಡಗಡೆ ಬೋಳು ಕಿವಿಯತ್ತ ಇಳಿಯುತ್ತಿತ್ತು. ವಾಸಿಯಾದ ಬದಿಯ ಟ್ಯೂಬನ್ನೇ ಇಡೀ ತಲೆಗೆ ಕೊಡುತ್ತೇವೆಂದು ಆಸ್ಪತ್ರೆಯವರು ಇವತ್ತು ಬರಹೇಳಿದ್ದರು.

"ಬಲಗಡೆ ವಾಸಿ ಅನ್ನಿ" ಎಂದಳು, ಆಸ್ಪತ್ರೆಯಲ್ಲಿ ಅವಳ ನೆತ್ತಿ ನೋಡಿದ ನರ್ಸ್.

"ಯಾರ ಬಲ?"

"ತಲೆ ನಿಮ್ದೇ ತಾನೆ?"

ಜೊತೆಗೆ ಬಂದಿದ್ದ ನಾದಿನಿ ನಕ್ಕಳು. "ನಮ್ಮತ್ತಿಗೆ ಊರಿಗೆಲ್ಲ ಅಳತೆ ತಗೋತಾರೆ. ಸ್ವಂತ ತಲೆ ಮಾತ್ರ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಬಿಳಿ ಮುಚ್ಚಳದ್ದೇ ಮುಂದುವರಿಸೋಣ" ಎಂದಳು ನರ್ಸ್.

ಟೈಲರಮ್ಮ ಕೈಯಲ್ಲಿದ್ದ ಎರಡೂ ಟ್ಯೂಬುಗಳನ್ನು ನೋಡಿದಳು. ಹೇಳಿದರೆ ಪರೀಕ್ಷೆಯಿಂದಲೇ ಹೊರಗೆ ಹಾಕಬಹುದು. ಹೇಳದಿದ್ದರೆ ತಲೆತುಂಬ ಜಿಡ್ಡು. "ಅದಲುಬದಲಾಗಿದೆ ಕಣಮ್ಮ" ಎಂದಳು ಮೆಲ್ಲಗೆ. "ಬಲಕ್ಕೆ ನೀಲಿ ಹಚ್ಚಿದೀನಿ."

"ಇದೊಳ್ಳೆ ಎಡವಟ್ಟಾಯ್ತಲ್ಲ" ಎಂದಳು ನಾದಿನಿ. "ಆದ್ರೆ ನಿಮಗೆ ಭುಜ ಹಿಡ್ಕೊಂಡಾಗ ನಾನೇ ಹಚ್ತಿದ್ದೆ ಅತ್ತಿಗೆ. ಸರಿಯಾಗೇ ಹಚ್ಚಿದೀನಿ, ಎಡಕ್ಕೆ ನೀಲಿ."

"ನೀನು ಹಿಂದೆ ನಿಂತಿದ್ಯಾ, ಎದುರಿಗಾ?"

ನಾದಿನಿ ತನ್ನ ಎರಡೂ ಕೈ ಎತ್ತಿ ನೋಡಿಕೊಂಡಳು. "ಒಂದೊಂದ್ಸಲ ಹಿಂದೆ. ಒಂದೊಂದ್ಸಲ ಟೀವಿ ಕಡೆ ತಿರುಗಿ..."

ಆರಿದ ಉರಿ ನೀಲಿಯದೋ, ಬಿಳಿಯದೋ, ತಾನಾಗಿಯೇ ಆರಿದ್ದೋ, ಟೈಲರಮ್ಮನಿಗೆ ತಲೆಬುಡ ತಿಳಿಯಲಿಲ್ಲ.

"ಹಾಗಿದ್ರೆ ಎರಡೂ ಟ್ಯೂಬ್ ಇಲ್ಲಿ ಕೊಡಿ" ಎಂದು ನರ್ಸ್ ಕೈ ಚಾಚಿದಳು. "ಡಾಕ್ಟರನ್ನ ಕೇಳ್ಬೇಕು. ಬಹುಶಃ ನಿಮ್ಮನ್ನ ಪರೀಕ್ಷೆಯಿಂದ ಕೈಬಿಟ್ಟು..."

ಎರಡರಲ್ಲಿ ಒಂದಂತೂ ಮದ್ದೇ ಎಂದುಕೊಂಡು ಟೈಲರಮ್ಮ ಎರಡನ್ನೂ ಕೈಚೀಲದ ತಳಕ್ಕೆ ತುರುಕಿ ಎದ್ದಳು.

"ಅಮ್ಮಾ, ಮಾತು ಮುಗೀಲಿಲ್ಲ. ಮೊದಮೊದಲು ಹಚ್ಚಿದ್ದು ಯಾವ..."

ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.