ಬೇಡಿ ಪಡೆದ ತರಗತಿ

ಎರ್ಸಿಲಿಯಾ ಫುಸ್ಕೊ ಹದಿನೇಳು ವರ್ಷದಿಂದ ಲ್ಯಾಟಿನ್ ಕಲಿಸುತ್ತಿದ್ದಾಳೆ. ಇಂದಿಗೂ ಯಾವ ಶಾಲೆಯೂ ಅವಳದಲ್ಲ. ಯಾರೋ ಹೆರಿಗೆಗೆ ಹೋದರೆ, ಯಾರೋ ಸೊಂಟ ಮುರಿದುಕೊಂಡರೆ ಆ ಜಾಗಕ್ಕೆ ಇವಳು. ಅವರು ಬಂದರೆ ಇವಳು ಹೊರಗೆ. ಇಂಥ ಕಾಯಂ ಇಲ್ಲದವರಿಗೆ ಇಟಲಿಯಲ್ಲಿ ‘ಪ್ರೆಕಾರಿ’, ಅಂದರೆ ಬೇಡಿ ಪಡೆದವರು, ಎನ್ನುತ್ತಾರೆ. ಹೆಸರಿಡಲು ಮಾತ್ರ ಅಲ್ಲಿನ ದೊಡ್ಡವರಿಗೆ ನಾಚಿಕೆಯಿಲ್ಲ.

ಈ ಸಲ ಬೆನೆವೆಂತೊದಲ್ಲಿ ಕೊನೆಯ ವರ್ಷದ ತರಗತಿ ಅಕ್ಟೋಬರಿನಿಂದ ಅವಳ ಕೈಯಲ್ಲಿತ್ತು. ಜೂನ್ ಪರೀಕ್ಷೆಯವರೆಗೆ ಆ ಹದಿನೆಂಟು ಮಕ್ಕಳ ಜೊತೆ ಇರಬೇಕು, ಅಷ್ಟೇ ಅವಳ ಆಸೆ. ನಿಯಮದ ಪ್ರಕಾರ, ಸೊಂಟ ಮುರಿದು ರಜೆಯಲ್ಲಿರುವ ಕಾಯಂ ಶಿಕ್ಷಕಿ ಏಪ್ರಿಲ್ ಮೂವತ್ತು ಕಳೆದು ಮರಳಿದರೆ ತರಗತಿ ಬದಲಿಯವಳಲ್ಲೇ ಉಳಿಯುತ್ತದೆ. ಅದಕ್ಕೆ ಮುಂಚೆ ಬಂದರೆ ಇಲ್ಲ.

ಅಂದು ಇಪ್ಪತ್ತೊಂಬತ್ತು.

“ಪ್ರೊಫ್, ಈ ‘ಪ್ರೆಕಾರಿಯುಸ್’ ಅಂದ್ರೆ ನಮ್ಮಪ್ಪನ ಕೆಲ್ಸ ಅಲ್ವಾ?” ಪಾಠದಲ್ಲಿ ಆ ಪದ ಬಂದಾಗ ಮಿರ್ಕೊ ಕೇಳಿದ.

“ನಿಮ್ಮಪ್ಪಂದೂ ಹೌದು, ನಂದೂ ಹೌದು. ಬರ್ಕೋ.”

ಮೂಲ ‘ಪ್ರೆಕ್ಸ್’, ಅಂದರೆ ಮೊರೆ. ರೋಮಿನ ಧಣಿ ಬೇಡಿಬಂದವನಿಗೆ ತುಂಡು ನೆಲ ಕೊಡುತ್ತಿದ್ದ, ಮನಸ್ಸು ಬಂದಾಗ ಕಿತ್ತುಕೊಳ್ಳುತ್ತಿದ್ದ. ಕೊಟ್ಟವನ ಮೇಲೆ ದಾವೆ ಹೂಡುವ ಹಾಗಿರಲಿಲ್ಲ. ಹಾಗೆ ಮೊರೆಯಿಟ್ಟು ಪಡೆದದ್ದು ಪ್ರೆಕಾರಿಯುಸ್. ಈ ಪದ ಒಂದು ವಿಶೇಷಣ; ತಾನು ಸೇರುವ ನಾಮಪದದ ಲಿಂಗ, ವಚನ, ವಿಭಕ್ತಿಯನ್ನೇ ಹಿಡಿದು ನಡೆಯುತ್ತದೆ.

“ಮೂಲ ಪದ ಏಕವಚನದಲ್ಲಿ ಸಿಗೋದೇ ಅಪರೂಪ. ‘ಪ್ರೆಕೆಸ್’ ಅಂತ ಬಹುವಚನದಲ್ಲೇ ಹೇಳ್ತಿದ್ರು.”

“ಒಂದ್ಸಲ ಬೇಡಿದ್ರೆ ಯಾರು ಕೇಳ್ತಾರೆ ಬಿಡಿ!” ಹಿಂದಿನ ಬೆಂಚಿನ ಲೋರೆತ್ತಾ ಹೇಳಿದಳು. ತರಗತಿ ನಕ್ಕಿತು, ಎರ್ಸಿಲಿಯಾಳೂ ನಕ್ಕಳು.

ವಿರಾಮದಲ್ಲಿ ಕಚೇರಿಯ ನುನ್ಸಿಯಾ ಕರೆದಳು.

“ಕೂತ್ಕೊಳೇ.”

“ನಿಂತಿರ್ತೀನಿ, ಹೇಳು.”

“ಅವ್ರು ನಾಳೆ ಬರ್ತಾರಂತೆ. ಈಗ ಫೋನ್ ಬಂತು.”

“ನಾಳೆನಾ? ಒಂದು ದಿನ, ನುನ್ಸಿಯಾ! ನಾಳೆ ಒಂದು ದಿನ ದಾಟಿದ್ರೆ ಸಾಕಿತ್ತು.”

“ರಜೆ ಬೆಳೆಸಿದ್ರೆ ಅವ್ರಿಗೆ ಅರ್ಧ ಸಂಬಳ ಕಣೇ. ಊರುಗೋಲು ಹಿಡ್ಕೊಂಡೇ ಬರ್ತಾರಂತೆ.”

“ಪ್ರಿನ್ಸಿಪಾಲರನ್ನ ಕೇಳ್ಲಾ?”

“ಕೇಳು. ಪಾಪ ಅಂತಾರೆ, ಕಾಫಿ ಕುಡಿಸ್ತಾರೆ.”

ಕೇಳಿದಳು. ಪಾಪ ಅಂದರು, ಕಾಫಿ ಕುಡಿಸಿದರು. ಯಾರನ್ನು ಬೈಯಬೇಕು? ನೋವು ನುಂಗಿ ಬರುತ್ತಿರುವ ಆ ಹೆಂಗಸನ್ನೇ? ಇಬ್ಬರನ್ನೂ ಒಂದೇ ಕುರ್ಚಿಗೆ ಜಗ್ಗಾಡಿಸುವ ಆ ನಿಯಮದ ಕಾಗದಕ್ಕೆ ಬೈಯಲು ಮುಖವಿಲ್ಲ.

ಕೊನೆಯ ಅವಧಿಯಲ್ಲಿ ಮಕ್ಕಳಿಗೆ ಹೇಳಿದಳು. ಮಿರ್ಕೊ ದಡಕ್ಕನೆ ಎದ್ದ. “ಎಲ್ರೂ ಕೆಳಗೆ ಹೋಗಣ. ಪ್ರಿನ್ಸಿಪಾಲರ ಬಾಗಿಲಲ್ಲೇ ಕೂರಣ.”

“ಕೂತ್ಕೋ ಮಾರಾಯ. ಹನ್ನೊಂದು ಸಾಲು ಅನುವಾದ ಬಾಕಿ ಇದೆ.”

ಏಳನೆಯ ಸಾಲಿಗೆ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

“ಉಳಿದ ನಾಲ್ಕು ಅವ್ರ ಹತ್ರ ಮುಗಿಸಿ,” ಎಂದಳು. “ಅವ್ರು ಚೆನ್ನಾಗೇ ಹೇಳ್ಕೊಡ್ತಾರೆ.”