ಹಾಲಿನ ಪುಡಿಯ ಡಬ್ಬಿ

ನಮ್ಮ ಮನೆಯಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಬಿಸ್ಕೀಟಿನ ಡಬ್ಬಿಯಲ್ಲಿ ಸೂಜಿದಾರ, ಪೌಡರ್ ಡಬ್ಬಿಯಲ್ಲಿ ಉಪ್ಪು. ಕೆಮ್ಮಿನ ಔಷಧದ ಬಾಟಲಿಗೆ ಬತ್ತಿ ತೂರಿಸಿದರೆ ಚಿಮಣಿ. ಎಣ್ಣೆಯ ದೊಡ್ಡ ಡಬ್ಬಿಯನ್ನು ಅಡ್ಡಕ್ಕೆ ಸೀಳಿಸಿ ಅವ್ವ ಕರುವಿಗೆ ನೀರಿಡುತ್ತಿದ್ದಳು. ಖಾಲಿ ಡಬ್ಬಿ ಬಿಸಾಡುವವಳು ಸಂಸಾರಸ್ಥೆಯೇ ಅಲ್ಲ ಎಂಬುದು ಮುರಗೋಡದ ನಮ್ಮ ಓಣಿಗೆ ಅವಳು ಕೊಟ್ಟ ತೀರ್ಪು. ಈ ವಿದ್ಯೆಯಲ್ಲಿ ಅವ್ವನನ್ನೂ ಮೀರಿಸಿದ್ದೇನೆಂದು ಹತ್ತನೆಯ ತರಗತಿಯ ಹುಡುಗಿಯಾಗಿದ್ದ ನನಗೆ ಜಂಬ.

ತೊಂಬತ್ತರ ದಶಕದ ಕೊನೆ ಅದು. ಅಕ್ಕ ಚೊಚ್ಚಲ ಬಾಣಂತನಕ್ಕೆ ರಾಮದುರ್ಗದಿಂದ ಬಂದಿದ್ದಳು. ಎದೆಹಾಲು ಸಾಲದೆ ಕೂಸಿಗೆ ಡಬ್ಬಿಯ ಹಾಲು ಹಾಕುತ್ತಿದ್ದೆವು. ನಾಲ್ಕನೆಯ ತಿಂಗಳಲ್ಲಿ ಜ್ವರ ಬಂತು. ಬೈಲಹೊಂಗಲದ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಕೂಸಿನ ಸಾಮಾನು ಹೆತ್ತವಳ ಕಣ್ಣಿಗೆ ಬೀಳಬಾರದೆಂದು ಹಿರಿಯರು ಹೇಳಿದರು. ಅಂಗಿ, ಕುಲಾವಿ ಕೂಸಿನ ಜೊತೆಗೇ ಮಣ್ಣಿಗೆ ಹೋದವು. ತೊಟ್ಟಿಲನ್ನು ಸೋದರತ್ತೆ ಒಯ್ದಳು. ಅಕ್ಕ ಬೇಡ ಅನ್ನಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

ತಿಂಗಳ ಮೇಲೆ ಅವಳು ಗಂಡನ ಮನೆಗೆ ಹೊರಟಾಗ ಬುತ್ತಿ ಕಟ್ಟುವ ಕೆಲಸ ನನ್ನದಾಯಿತು. ಶೇಂಗಾ ಚಟ್ನಿಗೆ ಬಿಗಿ ಮುಚ್ಚಳದ ಡಬ್ಬಿ ಬೇಕಿತ್ತು, ಅಡುಗೆಮನೆಯ ಹಲಗೆಯ ಹಿಂದೆ ಒಂದು ಸಿಕ್ಕಿತು. ಬೂದಿ ಹಾಕಿ ತಿಕ್ಕಿ, ಎರಡು ದಿನ ಬಿಸಿಲಿಗಿಟ್ಟು, ಚಟ್ನಿ ತುಂಬಿ ಒತ್ತಿ ಮುಚ್ಚಿದೆ. ಅದು ಕೂಸಿನ ಹಾಲಿನ ಪುಡಿಯ ಡಬ್ಬಿ. ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಡಬ್ಬಿ ಕಂಡರೆ ನನಗೆ ಡಬ್ಬಿಯಷ್ಟೇ ಕಾಣುತ್ತಿತ್ತು. ಹಾಳು ಜಾಣತನ.

ಬಸ್ ನಿಲ್ದಾಣದಲ್ಲಿ ಚೀಲ ಸರಿಪಡಿಸುವಾಗ ಅಕ್ಕ ಅದನ್ನು ನೋಡಿಬಿಟ್ಟಳು. ಅವ್ವ ಹಣೆ ಬಡಿದುಕೊಂಡು ತೆಗೆದುಕೊಳ್ಳಲು ಹೋದಳು. ಅಕ್ಕ ಕೊಡಲಿಲ್ಲ; ಉಡಿಯಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಕುಳಿತಳು. ಅವಳಿಗೆ ಮುಖ ತೋರಿಸಲಾಗದೆ ನಾನು ಆರು ತಿಂಗಳು ರಾಮದುರ್ಗದ ಕಡೆ ಸುಳಿಯಲಿಲ್ಲ.

ಕೊನೆಗೊಮ್ಮೆ ಹೋದೆ. ಅಡುಗೆಮನೆಯಲ್ಲಿ ಆ ಡಬ್ಬಿ ಖಾಲಿ ಕೂತಿತ್ತು. ನಮ್ಮ ಮನೆಯ ಹೆಣ್ಣುಮಗಳು ಡಬ್ಬಿಯನ್ನು ಖಾಲಿ ಇಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು. ತಪ್ಪಾಯಿತು ಅಂದೆ. ಅಕ್ಕ ಸಿಟ್ಟಾಗಿರಲೇ ಇಲ್ಲ. ಎಲ್ಲರೂ ಸೇರಿ ಎಲ್ಲವನ್ನೂ ಒಯ್ದಾಗ, ಇದೊಂದನ್ನು ಕೊಟ್ಟವಳು ನೀನೇ ಅಂದಳು. ಅವಳು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

"ಖಾರದ ವಾಸನಿ ಹೋಗಲಿ ಅಂತ ದಿನಾ ತೊಳಿಯಾಕ ಹತ್ತೇನಿ. ಅದರ ಕೆಳಗ ಕೂಸಿನ ಹಾಲಿನ ವಾಸನಿ ಉಳದಿರಬೇಕಲ್ಲ? ನೀನರ ಮೂಸಿ ನೋಡ."

ಡಬ್ಬಿ ತೆಗೆದುಕೊಂಡು ಮೂಸಿದೆ. ಬರೀ ಬೆಳ್ಳುಳ್ಳಿ, ಮೆಣಸಿನಕಾಯಿ. ಹಾಲಿನ ವಾಸನೆ ಬರುತ್ತಿದೆ ಎಂದು ಹೇಳಿದೆ. ಅಕ್ಕ ಡಬ್ಬಿ ಕಸಿದುಕೊಂಡು, ಕಣ್ಣು ಮುಚ್ಚಿ, ಮತ್ತೆ ಮತ್ತೆ ಮೂಸಿದಳು.