ಹಕ್ಕರಕಿಗೆ ಕೊಟ್ಟ ಚೀಲ

ಬನಹಟ್ಟಿಯ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲೇ ಮಗ್ಗಗಳ ಸದ್ದು. ತಟ್ಟೆಗೆ ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಮೆಂತ್ಯದ ಸೊಪ್ಪು ಬಂದವು. ನನ್ನ ಕಣ್ಣು ಹುಡುಕಿದ್ದು ಹಕ್ಕರಕಿಯನ್ನು. ಚಳಿಗಾಲದಲ್ಲಿ ಅವ್ವ ಜೋಳದ ಸಾಲಿನಿಂದ ಕಿತ್ತು, ಸೆರಗಿಗೆ ಒರೆಸಿ, ಹಸಿಯಾಗಿಯೇ ರೊಟ್ಟಿಯ ಮೇಲಿಡುತ್ತಿದ್ದ ಸೊಪ್ಪು ಅದು.

“ಹಕ್ಕರಕಿ ಇಲ್ಲೇನ್ರೀ ಅಕ್ಕಾರ?”

ಬಡಿಸುತ್ತಿದ್ದ ಒಡತಿಯ ಕೈ ನಿಂತಿತು. “ಜ್ವಾಳದ ಹೊಲ ಇದ್ರ ಹಕ್ಕರಕಿ ಅಲ್ಲೇನ್ರೀ? ಎಲ್ಲಾ ಕಬ್ಬ ಆತು. ಯಾವ ಕಡೆ ಹೊಂಟೀರಿ?”

“ಬೀಳಗಿಗ್ರಿ.”

ಒಳಗೆ ಹೋಗಿ ಬಟ್ಟೆಯ ಚೀಲವೊಂದನ್ನು ತಂದುಕೊಟ್ಟರು. “ಸಿಕ್ರ ಹೊಳ್ಳಿ ಬರೋವಾಗ ನನಗೂ ಒಂದ್ ಹಿಡಿ ತರ್ರಿ. ತಿಂದು ಭಾಳ ದಿನಾ ಆತು.”

ಬಸ್ಸು ಜಮಖಂಡಿ ದಾಟಿ ಎಷ್ಟೋ ಹೊತ್ತಾಯಿತು. ಕಿಟಕಿಯಾಚೆ ಇನ್ನೂ ಕಬ್ಬೇ. ಚೀಲ ಮಡಿಚಿಡಲು ಮನಸ್ಸಾಗದೆ ತೊಡೆಯ ಮೇಲೆ ಹಾಗೇ ಬಿಚ್ಚಿಟ್ಟುಕೊಂಡಿದ್ದೇನೆ.